ಕೈಗೆ ಕಸುವು ಕಡಿಮೆ ಇದ್ದವರು ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಕೊಳ್ಳುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಫೋಟೊ ಹುಚ್ಚಿನವರು ಫೋನಿನಲ್ಲಿ, ವಾಟ್ಸ್ಆ್ಯಪಿನಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಮೀಡಿಯಂ ಫಾರ್ಮ್ಯಾಟ್ ಅಂದರೆ ಸಾಮಾನ್ಯ 35 ಎಂಎಂ ರೀಲಿಗಿಂತ ಅಗಲವಾದ, ಕಾಗದದ ಜೊತೆ ಸುತ್ತಿದ ರೋಲ್ ಫಿಲ್ಮ್ ಹಾಕುವ ಕ್ಯಾಮೆರಾ. ಕೇಳಿದವರಲ್ಲಿ ಸಂಧಿವಾತದವರಿದ್ದಾರೆ, ಲಕ್ವಾ ಹೊಡೆದು ಒಂದು ಕೈ ಸೋತವರಿದ್ದಾರೆ, ಪವರ್‌ಲೂಮಿನಲ್ಲಿ ಬೆರಳು ಕಳೆದುಕೊಂಡ ಬನಹಟ್ಟಿ ಕಡೆಯವರಿದ್ದಾರೆ, ಕೈ ನಡುಗುವ ಹಿರಿಯರಿದ್ದಾರೆ. ನನ್ನದು ಆಮವಾತ. ಬೆಳಿಗ್ಗೆ ಎದ್ದಾಗ ಚಹಾ ಕಪ್ಪಿನ ಕಿವಿ ಹಿಡಿಯಲು ಬರುವುದಿಲ್ಲ, ಬಿಸಿಲೇರಿದ ಮೇಲೆ ಅದೇ ಬೆರಳು ಗುಂಡಿ ಹಾಕುತ್ತದೆ. ಉತ್ತರಗಳನ್ನು ಓದುವಾಗ ಇದು ಗಮನದಲ್ಲಿರಲಿ. ನಿಮ್ಮ ಕೈ ನನ್ನ ಕೈಯಲ್ಲ.

ಉದ್ದ ಪುರಾಣ ಬ್ಯಾಡ್ರಿ, ಯಾವ ಕ್ಯಾಮೆರಾ ತಗೋಬೇಕು, ಹೆಸರು ಹೇಳಿಬಿಡ್ರಿ.

ಹೆಸರೇ ಬೇಕಿದ್ದರೆ ಪೆಂಟಾಕ್ಸ್ 645ಎನ್. ಆದರೆ ಹಣ ಕೊಡುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಕ್ಯಾಮೆರಾ ನಿಮ್ಮ ಕೈಯಿಂದ ಮಾಡಿಸುವ ಕೆಲಸಗಳನ್ನು ಬರೆಯಿರಿ: ಹಿಡಿಯುವುದು, ರೋಲ್ ಹಾಕುವುದು, ವೈಂಡ್ ಮಾಡುವುದು (ಫಿಲ್ಮನ್ನು ಮುಂದಿನ ಚಿತ್ರಕ್ಕೆ ಸರಿಸುವುದು), ಫೋಕಸ್ ತಿರುಗಿಸುವುದು, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಂಡಿ) ಮತ್ತು ಸ್ಪೀಡ್ (ಶಟರ್ ತೆರೆದಿರುವ ಹೊತ್ತು) ಇಡುವುದು, ಬಟನ್ ಒತ್ತುವುದು, ಮುಗಿದ ರೋಲ್ ತೆಗೆದು ಅಂಟಿಸುವುದು. ಪ್ರತಿಯೊಂದರ ಮುಂದೆ ಯಾವ ಕೈ, ಯಾವ ಬೆರಳು, ಅದು ಒತ್ತುವ ಕೆಲಸವೋ ತಿರುವುವ ಕೆಲಸವೋ ಚಿವುಟಿ ಎಳೆಯುವ ಕೆಲಸವೋ ಎಂದು ಬರೆಯಿರಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚಿವುಟಿ ಹಿಡಿಯುವುದೇ ನಮ್ಮಲ್ಲಿ ಬಹಳ ಜನರಿಗೆ ಮೊದಲು ಕೈಕೊಡುವ ಶಕ್ತಿ. ಹಳೆಯ ಕ್ಯಾಮೆರಾಗಳು ಮೇಲಿಂದ ಮೇಲೆ ಕೇಳುವುದೂ ಅದನ್ನೇ.

ಇನ್ನೊಂದು ಮಾತು. ಕ್ಯಾಮೆರಾ ನೋಡಲು ಎಲ್ಲರೂ ಹೋಗುವುದು ಮಧ್ಯಾಹ್ನ, ಕೈ ಸಡಿಲಾಗಿರುವ ಹೊತ್ತಿಗೆ. ಚಿತ್ರ ತೆಗೆಯಬೇಕೆನ್ನುವುದು ಸೂರ್ಯೋದಯದಲ್ಲಿ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಮುಂಭಾಗಕ್ಕೆ ಎಳೆಬಿಸಿಲು ಬೀಳುವ ಹೊತ್ತಿಗೆ ಆಮವಾತದ ಬೆರಳು ಇನ್ನೂ ಮರಗಟ್ಟಿರುತ್ತವೆ. ನಿಮ್ಮ ಕೈ ಅತ್ಯಂತ ಕೆಟ್ಟದಾಗಿರುವ ಗಂಟೆ ಯಾವುದೋ ಆ ಗಂಟೆಗೆ ಒಗ್ಗುವ ಕ್ಯಾಮೆರಾ ತೆಗೆದುಕೊಳ್ಳಿ. ಸಾಧ್ಯವಿದ್ದರೆ ಮಾರುವವರ ಮನೆಗೆ ಬೆಳಿಗ್ಗೆಯೇ ಹೋಗಿ, ಬೇಕಾದರೆ ತಿಂಡಿಗೆ ಮುಂಚೆ. ಇಲ್ಲವಾದರೆ ಸಂಜೆಯ ಜಾಗಗಳನ್ನು ಆರಿಸಿಕೊಳ್ಳಿ. ಬಾದಾಮಿಯ ಭೂತನಾಥ ಗುಡಿ ಅಗಸ್ತ್ಯ ತೀರ್ಥದ ಪೂರ್ವ ದಂಡೆಯಲ್ಲಿದೆ, ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ.

ಭಾರ ಕಡಿಮೆ ಇದ್ದದ್ದು ತಗೊಂಡ್ರ ಸಾಕಲ್ಲ?

ಸಾಲದು. ಫ್ಯೂಜಿ ಜಿಎ645 ಸುಮಾರು 800 ಗ್ರಾಂ, ಯಾಶಿಕಾ ಮ್ಯಾಟ್ 124ಜಿ ಒಂದು ಕಿಲೋ ಮೇಲೆ, ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಲೆನ್ಸ್ ಸಮೇತ ಒಂದೂವರೆ ಕಿಲೋ, ಪೆಂಟಾಕ್ಸ್ 67 ಎರಡು ಕಿಲೋ ದಾಟುತ್ತದೆ, ಮಮಿಯಾ ಆರ್‌ಬಿ67 ಎರಡೂವರೆಯನ್ನೂ ದಾಟುತ್ತದೆ. ಭಾರವನ್ನು ಟ್ರೈಪಾಡ್, ಕುತ್ತಿಗೆ ಪಟ್ಟಿ, ಗೋಡೆ, ತೊಡೆ ಯಾವುದಕ್ಕಾದರೂ ಹೊರಿಸಬಹುದು. ಬಿಗಿಯಾದ ಸಣ್ಣ ನಾಬನ್ನು ಚಿವುಟಿ ಎಳೆಯುವ ಕೆಲಸವನ್ನು ಯಾವ ಟ್ರೈಪಾಡೂ ಮಾಡಿಕೊಡುವುದಿಲ್ಲ. ಮಣಿಕಟ್ಟು ನೋವಿನವರು ಭಾರ ನೋಡಿ, ಬೆರಳು ನೋವಿನವರು ನಾಬ್ ನೋಡಿ.

ಲಕ್ವಾ ಹೊಡೆದು ನಮ್ಮ ಕಾಕಾಗ ಎಡಗೈ ನಡಿಯಂಗಿಲ್ಲ. ಬಲಗೈ ಒಂದ ಐತಿ. ಆಗ್ತೈತೇನ್ರಿ?

ಆಗುತ್ತದೆ. ಬಲಗೈ ಉಳಿದವರಿಗೆ ಪೆಂಟಾಕ್ಸ್ 645 ಸರಣಿ ಹೇಳಿ ಮಾಡಿಸಿದಂತಿದೆ. ಮೊದಲ 645 ಬಂದದ್ದು 1984ರಲ್ಲಿ, ಆಟೊಫೋಕಸ್ ಇರುವ 645ಎನ್ 1997ರಲ್ಲಿ. ಎರಡರಲ್ಲೂ ಮೋಟಾರ್ ಒಳಗೇ ಇದೆ. ಬಲಗೈಗೆ ದಪ್ಪ ಹಿಡಿಕೆ, ತೋರುಬೆರಳಿಗೆ ಬಟನ್, ಒತ್ತಿದ ತಕ್ಷಣ ಮುಂದಿನ ಫ್ರೇಮ್ ತಾನೇ ಬರುತ್ತದೆ. ನಡೆಯುವುದು ಕಿರಾಣಿ ಅಂಗಡಿಯಲ್ಲೂ ಸಿಗುವ ಆರು ಎಎ ಸೆಲ್ಲಿನಲ್ಲಿ. ಅಪರ್ಚರ್ ರಿಂಗನ್ನು "ಎ" ಮೇಲೆ ಬಿಟ್ಟರೆ ಎಕ್ಸ್‌ಪೋಶರನ್ನೂ ಅದೇ ನೋಡಿಕೊಳ್ಳುತ್ತದೆ. ಮೊದಲ 645ರಲ್ಲಿ ಸ್ಪೀಡ್ ಬದಲಿಸಲು ಒತ್ತುವ ಬಟನ್, 645ಎನ್‌ನಲ್ಲಿ ತಿರುಗುವ ಡಯಲ್. ತಿರುವಲು ಬಾರದವರಿಗೆ ಹಳೆಯದೇ ಸುಲಭ ಅನಿಸಬಹುದು. ಆದರೆ ಅದರಲ್ಲಿ ಫೋಕಸ್ ಕೈಯಿಂದಲೇ ಆಗಬೇಕು, ಅಂದರೆ ಎಡಗೈ ಬೇಕು. ಕಾಕಾ ಅವರಿಗೆ 645ಎನ್, ಜೊತೆಗೆ ಎಫ್‌ಎ ಲೆನ್ಸ್. ಹಳೆಯ ಎ ಸರಣಿಯ ಲೆನ್ಸ್ ಹಾಕಿದರೆ ಆಟೊಫೋಕಸ್ ಇರುವುದಿಲ್ಲ, ಮಾರುವವರು ಇದನ್ನು ಹೇಳದೆ ಬಿಡುತ್ತಾರೆ.

ಒಂದೂವರೆ ಕಿಲೋ ಒಂದೇ ಕೈಯಲ್ಲಿ ಬಹಳ ಹೊತ್ತು ನಿಲ್ಲದು, ಮೋನೋಪಾಡ್ ಬೇಕೇ ಬೇಕು. 645ಎನ್‌ಗೆ ತಳದಲ್ಲೊಂದು, ಬದಿಯಲ್ಲೊಂದು ಟ್ರೈಪಾಡ್ ತೂತು ಇದೆ. ಆಳೆತ್ತರದ (ಅಗಲಕ್ಕಿಂತ ಎತ್ತರ ಹೆಚ್ಚಿರುವ) ಚಿತ್ರಕ್ಕೆ ಕ್ಯಾಮೆರಾವನ್ನು ಬದಿಯ ತೂತಿಗೆ ಕಟ್ಟಿದರಾಯಿತು, ಹೆಡ್ ವಾಲಿಸುತ್ತ ಭಾರ ಹಿಡಿದು ಒದ್ದಾಡಬೇಕಿಲ್ಲ. ಎರಡಕ್ಕೂ ಒಂದೊಂದು ಕ್ವಿಕ್ ರಿಲೀಸ್ ಪ್ಲೇಟ್ ಕಾಯಂ ಹಾಕಿಡಿ.

ರೋಲ್ ಹಾಕುವುದು ಹೀಗೆ. ಹಿಂದಿನ ಕೀಲಿ ಎತ್ತಿ ತಿರುಗಿಸಿದರೆ ಫಿಲ್ಮ್ ಇನ್ಸರ್ಟ್ (ರೋಲ್ ಕೂರುವ ಚೌಕಟ್ಟು) ಇಡಿಯಾಗಿ ಹೊರಗೆ ಬರುತ್ತದೆ. ಅದನ್ನು ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಟ್ಟರೆ ಜಾರುವುದಿಲ್ಲ. ಸ್ಪೂಲ್ (ಫಿಲ್ಮ್ ಸುತ್ತುವ ಉರುಳೆ) ಕೂಡಿಸಿ, ಕಾಗದದ ತುದಿಯನ್ನು ಖಾಲಿ ಸ್ಪೂಲಿನ ಸೀಳಿಗೆ ತೂರಿಸಿ, ಬಾಣದ ಗುರುತು ಸೇರುವವರೆಗೆ ಸುತ್ತಿ, ಇನ್ಸರ್ಟ್ ಒಳಗೆ ತಳ್ಳಬೇಕು. ತೂರಿಸುವ ಕೆಲಸ ಒಂದೇ ಕೈಗೆ ಕಷ್ಟವೇ. ಆದರೆ ಹೆಚ್ಚುವರಿ ಇನ್ಸರ್ಟ್‌ಗಳು ಬೇರೆಯಾಗಿ ಸಿಗುತ್ತವೆ. ಎರಡು ಮೂರು ಕೊಂಡು, ಹಿಂದಿನ ರಾತ್ರಿ ಮನೆಯವರಿಂದ ರೋಲ್ ಹಾಕಿಸಿಟ್ಟುಕೊಂಡರೆ ಹೊರಗೆ ಯಾರ ಹಂಗೂ ಇಲ್ಲ. ಒಂದಕ್ಕೆ 15 ಅಥವಾ 16 ಚಿತ್ರ. ಆದರೆ ರೋಲ್ ಅರ್ಧಕ್ಕೆ ಇರುವಾಗ ಇನ್ಸರ್ಟ್ ತೆಗೆಯಬೇಡಿ, ಫಿಲ್ಮಿಗೆ ಬೆಳಕು ತಾಗುತ್ತದೆ.

ಎಡಗೈ ಮಾತ್ರ ಇದ್ದವರಿಗೆ?

ಇದು ಕಷ್ಟದ ಪ್ರಶ್ನೆ. ಹೆಚ್ಚುಕಡಿಮೆ ಎಲ್ಲ ಕ್ಯಾಮೆರಾಗಳ ಹಿಡಿಕೆ, ವೈಂಡಿಂಗ್ ಬಲಕ್ಕೇ ಇರುತ್ತವೆ. ಟ್ರೈಪಾಡ್ ಮೇಲೆ ಮೋಟಾರಿನ ಕ್ಯಾಮೆರಾ, ಎಡಗೈಯಲ್ಲಿ ರಿಮೋಟ್ ರಿಲೀಸ್, ಇದೇ ದಾರಿ. ಬಲಗೈಯಲ್ಲಿ ಹಿಡಿಯುವ ಶಕ್ತಿ ಇಲ್ಲದಿದ್ದರೂ ಅಂಗೈಯಿಂದ ತಳ್ಳಲು ಬರುವವರಿಗೆ ಮಾತ್ರ ಇನ್ನೊಂದು ಆಯ್ಕೆ ಇದೆ. ಹ್ಯಾಸೆಲ್‌ಬ್ಲಾಡನ್ನು ಹಿಡಿಯುವ ಸರಿಯಾದ ಕ್ರಮವೇ ಎಡ ಅಂಗೈ ಮೇಲೆ ಕೂಡಿಸಿಕೊಂಡು ಎಡಗೈ ತೋರುಬೆರಳಿನಿಂದ ಬಟನ್ ಒತ್ತುವುದು. ಬಲಗೈಗೆ ಉಳಿಯುವುದು ಕ್ರ್ಯಾಂಕ್ (ವೈಂಡ್ ಮಾಡುವ ತಿರುಗುಹಿಡಿಕೆ) ಮತ್ತು ಫೋಕಸ್.

ಹಂಗಾದ್ರ ಹ್ಯಾಸೆಲ್‌ಬ್ಲಾಡೇ ಚಲೋ ಏನ್ರಿ? ಎಲ್ಲಾರೂ ಅದನ್ನ ಹೊಗಳ್ತಾರ.

ಹೊಗಳುವವರ ಬೆರಳು ಗಟ್ಟಿ ಇವೆ. ಬ್ಯಾಕ್ (ಹಿಂದೆ ಸಿಕ್ಕಿಸುವ ಫಿಲ್ಮಿನ ಡಬ್ಬಿ) ಬದಲಿಸುವಾಗ ಫಿಲ್ಮಿಗೆ ಬೆಳಕು ತಾಗದಂತೆ ತಡೆಯುವ ತೆಳುವಾದ ಡಾರ್ಕ್ ಸ್ಲೈಡನ್ನು ಚಿವುಟಿ ಹಿಡಿದು ಎಳೆಯಬೇಕು, ಮತ್ತೆ ಸೀಳಿಗೆ ಸರಿಯಾಗಿ ತೂರಿಸಬೇಕು. ಲೆನ್ಸಿನ ಫೋಕಸ್ ರಿಂಗ್ ಹೊಸದಿದ್ದಾಗಲೇ ಬಿಗಿ, ಗ್ರೀಸ್ ಒಣಗಿದ ಮೇಲೆ ಕೇಳುವುದೇ ಬೇಡ. ಹಳೆಯ ಸಿ ಲೆನ್ಸಿನಲ್ಲಿ ಸ್ಪೀಡ್ ಮತ್ತು ಅಪರ್ಚರ್ ರಿಂಗುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಬಿಡಿಸಲು ಸಣ್ಣ ಕಿವಿಯೊಂದನ್ನು ಒತ್ತಿ ಹಿಡಿಯಬೇಕು. ಸಿಎಫ್ ಲೆನ್ಸಿನಲ್ಲಿ ಅವು ಬಿಡಿಯಾಗೇ ತಿರುಗುತ್ತವೆ. ಕೊಳ್ಳಲೇಬೇಕೆಂದಿದ್ದರೆ ಸಿಎಫ್ ಲೆನ್ಸ್ ನೋಡಿ, ಜೊತೆಗೆ ಫೋಕಸ್ ರಿಂಗಿಗೆ ಸಿಕ್ಕಿಸುವ ಹ್ಯಾಸೆಲ್‌ಬ್ಲಾಡಿನದೇ ಉದ್ದ ಹಿಡಿಕೆ ಸಿಗುತ್ತದೆ, ಅದನ್ನೂ ಹುಡುಕಿ. ಆಗ ರಿಂಗ್ ತಿರುವುವ ಬದಲು ಒಂದೇ ಬೆರಳಿನಿಂದ ಸರಿಸಬಹುದು. ಮೋಟಾರ್ ಇರುವ 553ಇಎಲ್‌ಎಕ್ಸ್ ಸಾಮಾನ್ಯ ಎಎ ಸೆಲ್ಲಿನಲ್ಲಿ ನಡೆಯುತ್ತದೆ, ಆದರೆ ಭಾರ. ಅಷ್ಟು ದುಡ್ಡಿಗೆ ಬೇರೆ ಕ್ಯಾಮೆರಾ ಮತ್ತು ಒಳ್ಳೆಯ ಟ್ರೈಪಾಡ್ ಎರಡೂ ಬರುತ್ತವೆ ಎಂಬುದು ನನ್ನ ಅಭಿಪ್ರಾಯ.

ನಮ್ಮೂರ ಹಳೇ ಸ್ಟುಡಿಯೋದಾಗ ಯಾಶಿಕಾ ಐತಿ, ಎರಡ ಕಣ್ಣಿಂದು. ಅಗ್ಗಕ್ಕ ಕೊಡ್ತಾರಂತ. ತಗೊಳ್ಳೇನು?

ಒಂದು ಕಾಲದ ಮದುವೆ, ಮುಂಜಿವೆ, ಶಾಲೆಯ ಗ್ರೂಪ್ ಫೋಟೊಗಳನ್ನೆಲ್ಲ ತೆಗೆದವು ಈ ಎರಡು ಲೆನ್ಸಿನ ಟಿಎಲ್‌ಆರ್‌ಗಳೇ, ಅಟ್ಟದ ಮೇಲೆ ಇನ್ನೂ ಸಿಗುತ್ತವೆ. ಕೈ ನಡುಗುವವರಿಗೆ ನಾನು ಮೊದಲು ತೋರಿಸುವುದೂ ಇದನ್ನೇ. ಒಳಗೆ ಕನ್ನಡಿ ಮೇಲೇಳುವುದಿಲ್ಲ, ಹಾಗಾಗಿ ಕ್ಯಾಮೆರಾದಿಂದಲೇ ಬರುವ ಅದುರು ತೀರ ಕಡಿಮೆ. ಕುತ್ತಿಗೆ ಪಟ್ಟಿಯನ್ನು ಗಿಡ್ಡ ಮಾಡಿ, ಕ್ಯಾಮೆರಾವನ್ನು ಹೊಟ್ಟೆಗೆ ಆನಿಸಿ ಕೆಳಕ್ಕೆ ಒತ್ತಿದರೆ ಪಟ್ಟಿ ಬಿಗಿಯುತ್ತದೆ. ಭಾರ ಕುತ್ತಿಗೆಗೆ ಹೋಗುತ್ತದೆ, ಕೈಗಳು ಬರೀ ಆಸರೆ. ಚಿತ್ರ 6x6 ಸೆಂ.ಮೀ., ಚೌಕ. ಆಳೆತ್ತರಕ್ಕೆಂದು ಕ್ಯಾಮೆರಾ ವಾಲಿಸುವ ಮಾತೇ ಇಲ್ಲ.

ಫೋಕಸ್ ನಾಬ್ ಎಡಕ್ಕೆ, ಕ್ರ್ಯಾಂಕ್ ಬಲಕ್ಕೆ. ನಾಬ್ ದೊಡ್ಡದು, ಅಂಗೈಯಿಂದ ಉಜ್ಜಿದರೂ ತಿರುಗುತ್ತದೆ. ಕ್ರ್ಯಾಂಕನ್ನು ಮುಂದಕ್ಕೆ ತಿರುಗಿಸಿ ಹಿಂದಕ್ಕೆ ತಂದರೆ ಫಿಲ್ಮೂ ಸರಿಯುತ್ತದೆ, ಶಟರೂ ಸಜ್ಜಾಗುತ್ತದೆ. ಅದನ್ನು ಬೆರಳಿನಿಂದಲ್ಲ, ಅಂಗೈ ಬುಡದಿಂದ ತಳ್ಳಿ ನೋಡಿ. ರೋಲಿಕಾರ್ಡ್ ಸಿಕ್ಕಿದರೆ ಇದೇ ಜಾತಿ ಎಂದು ನಂಬಿ ಕೊಳ್ಳಬೇಡಿ. ಅದರಲ್ಲಿ ವೈಂಡ್ ಮಾಡಲು ಕ್ರ್ಯಾಂಕಿಲ್ಲ, ಗುಂಡು ನಾಬು. ಶಟರನ್ನು ಬೇರೆಯಾಗಿ ಲೆನ್ಸಿನ ಕೆಳಗಿನ ಸಣ್ಣ ಲಿವರಿನಿಂದ ಏರಿಸಬೇಕು. ಇನ್ನು ಮಮಿಯಾ ಸಿ330ಕ್ಕೆ ಎರಡೂ ಬದಿಗೆ ಫೋಕಸ್ ನಾಬ್ ಇವೆ, ಯಾವ ಕೈ ಚೆನ್ನಾಗಿದೆಯೋ ಅದರಿಂದ ತಿರುಗಿಸಬಹುದು. ಭಾರ ಮಾತ್ರ ಯಾಶಿಕಾಗಿಂತ ಹೆಚ್ಚು.

ನಿಜವಾದ ಪರೀಕ್ಷೆ ರೋಲ್ ಹಾಕುವಾಗ. ಯಾಶಿಕಾದಲ್ಲಿ ತಳದ ಬೀಗ ತಿರುಗಿಸಿ ಹಿಂಬಾಗಿಲು ತೆರೆಯಬೇಕು. ಕೆಳಗಿನ ಕೋಣೆಗೆ ಹೊಸ ರೋಲ್ ಕೂಡಿಸಲು ಬದಿಯ ನಾಬನ್ನು ಒಂದು ಕೈಯಿಂದ ಎಳೆದು ಹಿಡಿದಿರಬೇಕು, ಇನ್ನೊಂದು ಕೈ ರೋಲ್ ಇಡಬೇಕು. ಸ್ಪ್ರಿಂಗ್ ಬಿಗಿ ಇರುತ್ತದೆ. ಇಲ್ಲಿ ಹೆಚ್ಚಿನವರ ಬೆರಳು ಜಾರುತ್ತವೆ. ಎಳೆಯುವುದಕ್ಕೆ ಸೈಕಲ್ ಟ್ಯೂಬಿನ ತುಂಡು ಮಧ್ಯೆ ಇಟ್ಟುಕೊಂಡರೆ ಹಿಡಿತ ಸಿಗುತ್ತದೆ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಹಾಕಬೇಡಿ, ತೊಡೆಯ ಮೇಲೆ ಟವೆಲ್ ಹಾಸಿ ಮುಖ ಕೆಳಗೆ ಮಾಡಿ ಮಲಗಿಸಿ. ಕಾಗದದ ತುದಿ ಮೇಲಿನ ಸ್ಪೂಲಿನ ಸೀಳಿಗೆ ಹೋಗುವ ಮುಂಚೆ ಅದನ್ನು ಮನೆಯಲ್ಲೇ ಉಗುರಿನಿಂದ ಗೀರಿ ಸಣ್ಣ ಮಡಿಕೆ ಮಾಡಿಟ್ಟುಕೊಳ್ಳಿ, ನಡುಗುವ ಕೈಗೂ ಸಿಕ್ಕಿಕೊಳ್ಳುತ್ತದೆ. ಬಾಣಗಳು ಗುರುತಿಗೆ ಸೇರಿದ ಮೇಲೆ ಬಾಗಿಲು ಮುಚ್ಚಿ ಕ್ರ್ಯಾಂಕ್ ತಾನೇ ನಿಲ್ಲುವವರೆಗೆ ತಿರುಗಿಸಿ. ಕೊಳ್ಳುವ ಮುಂಚೆ ಹಳೆಯ ಹಾಳು ರೋಲೊಂದನ್ನು ಒಯ್ದು ಈ ಇಡೀ ಕೆಲಸವನ್ನು ಅಂಗಡಿಯಲ್ಲೇ ಮಾಡಿ ನೋಡಿ. ಮಾಲೀಕರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

124ಜಿಯ ಲೈಟ್ ಮೀಟರ್ ಈಗ ಸಿಗದ ಪಾದರಸದ ಸೆಲ್ಲಿಗೆ ಮಾಡಿದ್ದು. ಅದನ್ನು ಮರೆತುಬಿಡಿ, ಫೋನಿನ ಮೀಟರ್ ಆ್ಯಪ್ ಸಾಕು.

ಕೈ ನಡುಗ್ತಾವ್ರಿ. ಫೋಟೋ ಅಲುಗ್ಯಾಡೂದಿಲ್ಲೇನು?

ನಮ್ಮ ಕಡೆಯ ಬಿಸಿಲು ಇಲ್ಲಿ ಉಪಕಾರಕ್ಕೆ ಬರುತ್ತದೆ. ವಿಜಯಪುರದ ಸುಡುಬಿಸಿಲಿನಲ್ಲಿ 400 ಐಎಸ್ಒ (ಬೆಳಕಿಗೆ ಚುರುಕಾದ) ಫಿಲ್ಮಿಗೆ ಅಪರ್ಚರ್ ಎಫ್/16ರಷ್ಟು ಕಿರಿದು ಮಾಡಿದರೂ 1/500 ಸೆಕೆಂಡಿನ ಸ್ಪೀಡ್ ಸಿಗುತ್ತದೆ. ಆ ವೇಗದಲ್ಲಿ ಸಾಮಾನ್ಯ ನಡುಕ ಕಾಣುವುದಿಲ್ಲ. ಇನ್ನೊಂದು ಲಾಭವೂ ಇದೆ. 80 ಎಂಎಂ ಲೆನ್ಸನ್ನು ಎಫ್/16ರಲ್ಲಿಟ್ಟು ಸುಮಾರು 8 ಮೀಟರಿಗೆ ಫೋಕಸ್ ಮಾಡಿದರೆ ಹತ್ತಿರದ 4 ಮೀಟರಿನಿಂದ ಕಣ್ಣಿಗೆ ಕಾಣುವಷ್ಟು ದೂರದವರೆಗೆ ಸ್ಪಷ್ಟ. ಅಲ್ಲಿ ಟೇಪ್ ಅಂಟಿಸಿಬಿಡಿ. ಇಬ್ರಾಹಿಂ ರೋಜಾದ ಅಂಗಳದಲ್ಲಿ ಒಂದು ರೋಲ್ ಪೂರ್ತಿ ಫೋಕಸ್ ಮುಟ್ಟದೆ ತೆಗೆಯಬಹುದು, ಬೆರಳಿಗೆ ಅಷ್ಟು ಕೆಲಸ ಉಳಿಯಿತು. ನೆರಳಿಗೆ, ಒಳಾಂಗಣಕ್ಕೆ ಈ ಲೆಕ್ಕ ನಡೆಯದು.

ಬಟನ್ ಒತ್ತಾಕ ಬೆರಳಿಗೆ ಶಕ್ತಿ ಇಲ್ಲ.

ಇದು ಎಲ್ಲಕ್ಕಿಂತ ಸುಲಭದ ತೊಂದರೆ. ಯಾಶಿಕಾ, ಹ್ಯಾಸೆಲ್‌ಬ್ಲಾಡ್, ಆರ್‌ಬಿ67 ಇವುಗಳ ಬಟನ್ನಿನಲ್ಲೇ ಕೇಬಲ್ ರಿಲೀಸಿನ (ದೂರದಿಂದ ಬಟನ್ ಒತ್ತುವ ತಂತಿಯ) ಸ್ಕ್ರೂ ತೂತು ಇದೆ. ಸಾಮಾನ್ಯ ಕೇಬಲ್ ರಿಲೀಸನ್ನೂ ಹೆಬ್ಬೆರಳಿನಿಂದ ಒತ್ತಬೇಕು, ಅದಕ್ಕೆ ಬದಲಾಗಿ ರಬ್ಬರ್ ಬಲ್ಬಿನ ಗಾಳಿ ರಿಲೀಸ್ ಕೊಳ್ಳಿ. ಉದ್ದ ನಳಿಕೆ, ತುದಿಗೆ ರಬ್ಬರ್ ಉಂಡೆ. ಮುಷ್ಟಿಯಿಂದ ಹಿಚುಕಬಹುದು, ಕಂಕುಳಲ್ಲಿ ಒತ್ತಬಹುದು, ಕಾಲಿನಿಂದ ತುಳಿಯಬಹುದು. 645ಎನ್‌ಗೆ ಇದು ಹಿಡಿಸದು, ಅದಕ್ಕೆ ತನ್ನದೇ ವೈರಿನ ಸ್ವಿಚ್ ಬೇಕು.

ಫೋಕಸ್ ರಿಂಗ್ ಭಾಳ ಬಿಗಿ ಐತ್ರಿ.

ಒಣಗಿದ ಗ್ರೀಸ್. ಮೆಕ್ಯಾನಿಕ್ ಬಿಚ್ಚಿ ಹೊಸ ಗ್ರೀಸ್ ಹಾಕಿದರೆ ಸಡಿಲವಾಗುತ್ತದೆ, ಹಾಗಾಗಿ ಬರೀ ಅದಕ್ಕಾಗಿ ಒಳ್ಳೆಯ ಕ್ಯಾಮೆರಾ ಬಿಡಬೇಡಿ, ಬೆಲೆಯಲ್ಲಿ ಆ ಖರ್ಚು ಕಳೆಯಿರಿ. ಅಲ್ಲಿಯವರೆಗೆ ರಿಂಗಿನ ಸುತ್ತ ದಪ್ಪ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು ಬಾಲ ಕತ್ತರಿಸದೆ ಬಿಡಿ. ಅದೇ ಲಿವರ್.

ಮಮಿಯಾ ಆರ್‌ಬಿ67?

ಮನೆಯಲ್ಲಿ, ಸ್ಟುಡಿಯೋದಲ್ಲಿ, ಗಟ್ಟಿ ಟ್ರೈಪಾಡ್ ಮೇಲೆ ಇದು ಬೆರಳು ಸೋತವರಿಗೆ ಆಶ್ಚರ್ಯವಾಗುವಷ್ಟು ಒಳ್ಳೆಯದು. ಫೋಕಸ್ ನಾಬ್‌ಗಳು ದಪ್ಪ, ಎರಡೂ ಬದಿಗಿವೆ, ಹಿಂದಿನ ಬ್ಯಾಕೇ ತಿರುಗುವುದರಿಂದ ಕ್ಯಾಮೆರಾ ವಾಲಿಸಬೇಕಿಲ್ಲ. ಆದರೆ ಆರ್‌ಬಿಯಲ್ಲಿ ಶಟರಿಗೊಂದು ಲಿವರ್, ಫಿಲ್ಮಿಗೊಂದು ಲಿವರ್. 1982ರ ಆರ್‌ಝಡ್67ರಲ್ಲಿ ಎರಡನ್ನೂ ಒಂದೇ ಲಿವರ್ ಮಾಡುತ್ತದೆ, ಮೋಟಾರ್ ವೈಂಡರೂ ಸಿಗುತ್ತದೆ. ಹೊತ್ತು ತಿರುಗುವ ಆಸೆ ಬಿಡಿ.

ಫ್ಯೂಜಿ ಜಿಎ645 ಎಲ್ಲಾ ಆಟೊ ಅಂತಾರಲ್ಲ?

ಹೌದು. 1995ರದು, ಫೋಕಸ್, ಎಕ್ಸ್‌ಪೋಶರ್, ವೈಂಡಿಂಗ್ ಎಲ್ಲ ತಾನೇ, ಹಗುರ ಬೇರೆ. ಕೆಟ್ಟರೆ ರಿಪೇರಿಗೆ ಬಿಡಿಭಾಗವಿಲ್ಲ. ಆ ದುಡ್ಡು ಹೋದರೂ ಪರವಾಗಿಲ್ಲ ಅನ್ನುವವರು ಕೊಳ್ಳಬಹುದು.

ಗೋಲಗುಮ್ಮಟ, ಬಾದಾಮಿ ಗುಹಿಯೊಳಗ ಟ್ರೈಪಾಡ್ ಬಿಡ್ತಾರೇನು?

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮುಂಚಿತವಾಗಿ ಅನುಮತಿ ಬೇಕು. ಕೈಯಲ್ಲಿ ಹಿಡಿದು ತೆಗೆಯಲು ಆಗದ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಅರ್ಜಿಯ ಜೊತೆ ಅಂಗವೈಕಲ್ಯದ ಕಾರ್ಡಿನ ಪ್ರತಿ ಇಡಿ, ಕೈಯ ತೊಂದರೆಗಾಗಿಯೇ ಟ್ರೈಪಾಡ್ ಬೇಕೆಂದು ಬರೆಯಿರಿ. ಬಾಗಿಲಲ್ಲಿ ನಿಂತು ಕಾವಲಿನವರ ಜೊತೆ ವಾದಿಸಿದರೆ ಬೆಳಕು ಹೋಗುತ್ತದೆ ಅಷ್ಟೆ. ಅನುಮತಿ ಸಿಗದ ದಿನಕ್ಕೆ ಕಾಳು ತುಂಬಿದ ಸಣ್ಣ ಚೀಲ ಒಯ್ಯಿರಿ, ಕಟ್ಟೆ ಕಂಡಲ್ಲಿ ಅದರ ಮೇಲೆ ಟಿಎಲ್‌ಆರ್ ಕೂಡಿಸಿ ಮೇಲಿನಿಂದ ನೋಡಬಹುದು. ಕೆತ್ತನೆ ಇರುವ ಕಲ್ಲಿನ ಮೇಲೆ ಮಾತ್ರ ಬೇಡ. ಬಾದಾಮಿಯ ಗುಹೆಗಳಿಗೆ ಮೆಟ್ಟಿಲಿವೆ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆ ಇನ್ನೂ ಮೇಲೆ. ಒಂದು ಕೈ ಕಂಬಿ ಹಿಡಿಯಲು ಬೇಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟು ಚೀಲ ತುಂಬಿ.

ನಾನು ವ್ಹೀಲ್‌ಚೇರ್ ಮ್ಯಾಲೆ ಇರ್ತೀನಿ.

ಮೇಲಿನಿಂದ ಬಗ್ಗಿ ನೋಡುವ ಫೈಂಡರ್ ಇದ್ದದ್ದು ತೆಗೆದುಕೊಳ್ಳಿ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಕ್ಯಾಮೆರಾ. ಅದರಲ್ಲಿ ಎಡಬಲ ತಿರುಗಿ ಕಾಣುತ್ತದೆ, ರೂಢಿಯಾಗುತ್ತದೆ. ಕುರ್ಚಿಯ ಕೊಳವೆಗೆ ಕಚ್ಚಿಕೊಳ್ಳುವ ಕ್ಲ್ಯಾಂಪೂ ಸಿಗುತ್ತದೆ.

ಆನ್‌ಲೈನ್‌ನಾಗ ತಗೊಳ್ಳುವಾಗ ಏನ್ ಕೇಳಬೇಕ್ರಿ?

ಫೋಟೊ ಬೇಡ, ವಿಡಿಯೊ ಕೇಳಿ. ಒಂದೇ ಬೆರಳಿನಿಂದ ಫೋಕಸ್ ತಿರುಗಿಸಿ ತೋರಿಸಲು ಹೇಳಿ. ಒಂದು ಸೆಕೆಂಡಿಗಿಟ್ಟು ಶಟರ್ ಬಿಡಿಸಿ, ನಡುವೆ ಸಿಕ್ಕಿಕೊಂಡರೆ ಶಬ್ದದಲ್ಲೇ ಗೊತ್ತಾಗುತ್ತದೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಡಿಸಿ, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಬೀರುವಿನೊಳಗೆ ಕೂತ ಲೆನ್ಸಿಗೆ ಅದು ಬಹುತೇಕ ಬಂದೇ ಇರುತ್ತದೆ, ವಿಜಯಪುರದ ಒಣ ಹವೆಯಲ್ಲಿ ಕಡಿಮೆ, ಅಲ್ಲಿ ದೂಳಿನದೇ ಕಾಟ. ಹಿಂಬಾಗಿಲಿನ ಫೋಮ್ ಡಾಂಬರಿನಂತೆ ಅಂಟಾಗಿದ್ದರೆ ಹೆದರಬೇಡಿ, ಅಗ್ಗದ ಕೆಲಸ. ಜಪಾನಿನಿಂದ ತರಿಸುವವರು ಕಸ್ಟಮ್ಸ್ ಸುಂಕವನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ, ಕೈಗೆ ಒಗ್ಗದಿದ್ದರೆ ವಾಪಸ್ ಕಳಿಸುವುದು ದುಬಾರಿ. ಅದಕ್ಕೇ ನಾನು ಹೇಳುವುದು, ರಾತ್ರಿ ಬಸ್ಸು ಹತ್ತಿ ಮುಂಬೈ ಫೋರ್ಟ್ ಕಡೆಯ ಕ್ಯಾಮೆರಾ ಅಂಗಡಿಗಳಿಗೆ ಹೋಗಿ ಮುಟ್ಟಿ ನೋಡುವುದು ಮೇಲು. ಬಸ್ಸಿಳಿದಾಗ ಕೈ ಹೇಗೂ ಮರಗಟ್ಟಿರುತ್ತದೆ, ಪರೀಕ್ಷೆಗೆ ಅದೇ ಸರಿಯಾದ ಹೊತ್ತು.

ರೋಲ್ ಮನ್ಯಾಗ ತೊಳೀಬಹುದೇನು?

ಕಪ್ಪು ಬಿಳುಪು ಆಗಬಹುದು. ಕತ್ತಲೆ ಚೀಲದೊಳಗೆ ಫಿಲ್ಮನ್ನು ರೀಲಿಗೆ ಏರಿಸುವುದೇ ಕಷ್ಟ. ಪ್ಲಾಸ್ಟಿಕ್ ರೀಲಿಗೆ ಮಣಿಕಟ್ಟು ಹಿಂದೆ ಮುಂದೆ ತಿರುಚಬೇಕು, ಸ್ಟೀಲ್ ರೀಲಿಗೆ ಫಿಲ್ಮನ್ನು ಚಿವುಟಿ ಬಗ್ಗಿಸಬೇಕು. ಅದೊಂದನ್ನು ಬೇರೆಯವರಿಂದ ಮಾಡಿಸಿಕೊಂಡರೆ ಉಳಿದದ್ದು ಹಗುರ. ಟ್ಯಾಂಕನ್ನು ತಲೆಕೆಳಗು ಮಾಡುವ ಬದಲು ಮೇಲಿನ ಕಡ್ಡಿ ತಿರುಗಿಸುವ ಟ್ಯಾಂಕ್ ಆರಿಸಿ. ಕಲರ್ ರೋಲನ್ನು ದೊಡ್ಡ ಊರಿನ ಲ್ಯಾಬಿಗೆ ಕೊರಿಯರ್ ಮಾಡಿ.

ಮುಗಿದ ರೋಲನ್ನು ಹೊರಗೆ ತೆಗೆದ ಕ್ಷಣದ ಬಗ್ಗೆಯೂ ಯೋಚಿಸಿ. ಅದು ಸಡಿಲಾದರೆ ಅಂಚಿನಿಂದ ಬೆಳಕು ನುಗ್ಗುತ್ತದೆ. ಬಿಗಿ ಹಿಡಿದು ಕಾಗದದ ಅಂಟು ಪಟ್ಟಿಯನ್ನು ನೆನೆಸಿ ಸುತ್ತಲು ಎರಡು ಗಟ್ಟಿ ಕೈ ಬೇಕು. ನಾನು ಮಣಿಕಟ್ಟಿಗೆ ಮೊದಲೇ ರಬ್ಬರ್ ಬ್ಯಾಂಡ್ ಹಾಕಿಕೊಂಡಿರುತ್ತೇನೆ. ರೋಲನ್ನು ನೆರಳಿನಲ್ಲಿ ಎದೆಗೆ ಒತ್ತಿ ಹಿಡಿದು, ಬ್ಯಾಂಡನ್ನು ಹಲ್ಲಿನಿಂದ ಎಳೆದು ಅದರ ಮೇಲೆ ಜಾರಿಸಿಬಿಡುತ್ತೇನೆ, ಅಂಟಿಸುವ ಕೆಲಸ ಮನೆಗೆ ಬಂದ ಮೇಲೆ.